ಹಳೆಯ ಕಾರಿನ ಮರದ ಗಾಲಿ: ಮೊದಲು ಗುರುತು, ಆಮೇಲೆ ಮರುಬಳಕೆ

ಹಳೆಯ ಮನೆ ಕೆಡವುವಾಗ ಅಟ್ಟದಿಂದ, ಶೆಡ್ಡು ಖಾಲಿ ಮಾಡುವಾಗ ಮೂಲೆಯಿಂದ ಒಮ್ಮೊಮ್ಮೆ ಮರದ ಗಾಲಿಯೊಂದು ಹೊರಬರುತ್ತದೆ. ಶಿವಮೊಗ್ಗವಾಗಲಿ ಭದ್ರಾವತಿಯಾಗಲಿ, ಅದನ್ನು ಕಂಡವರು ಸಾಮಾನ್ಯವಾಗಿ ಆಡುವ ಮಾತು ಒಂದೇ: ‘ಯಾವುದೋ ಗಾಡಿಯ ಚಕ್ರ.’ ಅಲ್ಲಿಗೆ ಅದರ ಗತಿ ತೀರ್ಮಾನವಾಗಿಬಿಡುತ್ತದೆ. ಕಬ್ಬಿಣದ ಭಾಗ ತೂಕದ ಲೆಕ್ಕದಲ್ಲಿ ಗುಜರಿಗೆ, ಮರದ ಭಾಗ ಬಚ್ಚಲ ಒಲೆಗೆ. ಅದೃಷ್ಟವಿದ್ದರೆ ಹೊಳೆಯುವ ವಾರ್ನಿಷ್ ಬಳಿಸಿಕೊಂಡು ಯಾವುದಾದರೊಂದು ಹೋಂಸ್ಟೇಯ ಅಂಗಳಕ್ಕೆ.

ಮಲೆನಾಡಿನ ಪರಿಸರವನ್ನು ಕುರಿತು ಮಾತನಾಡುವ ಪುಟಗಳಲ್ಲಿ ಗಾಲಿಯ ಪ್ರಸ್ತಾಪವೇಕೆ ಎಂಬ ಪ್ರಶ್ನೆ ಸಹಜ. ಗುರುತಿಸದೆ ಮಾಡುವ ಮರುಬಳಕೆಯು ಮರುಬಳಕೆಯಲ್ಲ. ಅದು ತಡವಾಗಿ ನಡೆಯುವ ನಾಶ. ಗಾಲಿ ಯಾವುದು, ಅದರ ಮರ ಯಾವುದು ಎಂದು ತಿಳಿದ ಮೇಲಷ್ಟೇ ಅದನ್ನು ಹೇಗೆ ಉಳಿಸಬೇಕೆಂಬುದು ತಿಳಿದೀತು. ಹಾಗೆ ತಿಳಿಯುವ ವ್ಯವಧಾನವಿಲ್ಲದೆ ಬೆಳೆದಿರುವ ‘ಪುರಾತನ ಗಾಲಿ’ಯ ಶೋಕಿಯು ಕೊನೆಗೆ ಹೊರೆ ಹೊರಿಸುವುದು ಕಾಡಿನ ಮೇಲೆಯೇ.

ಗಾಡಿಯದೋ, ಕಾರಿನದೋ?

ಮೋಟಾರು ಕಾರುಗಳು ತಮ್ಮ ಆರಂಭದ ದಶಕಗಳಲ್ಲಿ ಬಹುಮಟ್ಟಿಗೆ ಮರದ ಗಾಲಿಗಳ ಮೇಲೆಯೇ ಓಡಿದವು ಎಂಬುದು ಇಂದು ಅನೇಕರಿಗೆ ತಿಳಿಯದು. ಎತ್ತಿನ ಗಾಡಿಯ ಗಾಲಿಗೂ ಕಾರಿನ ಗಾಲಿಗೂ ಇರುವ ವ್ಯತ್ಯಾಸವನ್ನು ಅರಿಯಲು ನಡುಭಾಗವನ್ನು ನೋಡಿದರೆ ಸಾಕು. ಗಾಡಿಯ ಗಾಲಿಯ ಮಧ್ಯದಲ್ಲಿ ಕಡೆದು ಮಾಡಿದ ದಪ್ಪ ಮರದ ಗುಂಬವಿರುತ್ತದೆ. ಅದರಲ್ಲಿ ಕೊರೆದ ಕಂಡಿಗಳಿಗೆ ಅರಗಳನ್ನು ಬಡಿದು ಕೂರಿಸಿರುತ್ತಾರೆ. ಕಾರಿನ ಗಾಲಿಯಲ್ಲಿ ಈ ಮರದ ಗುಂಬವೇ ಇರುವುದಿಲ್ಲ. ಅರಗಳ ಒಳತುದಿಗಳನ್ನು ಬೆಣೆಯಾಕಾರದಲ್ಲಿ ಕತ್ತರಿಸಿ, ಕಿತ್ತಳೆಯ ತೊಳೆಗಳಂತೆ ಒಂದಕ್ಕೊಂದು ಒತ್ತಿ ಜೋಡಿಸಿ, ಎರಡು ಲೋಹದ ತಟ್ಟೆಗಳ ನಡುವೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಫಿರಂಗಿ ಬಂಡಿಗಳಲ್ಲಿ ರೂಢಿಗೆ ಬಂದ ವಿನ್ಯಾಸವಾದ್ದರಿಂದ ಇದಕ್ಕೆ ‘ಆರ್ಟಿಲರಿ ಗಾಲಿ’ ಎಂಬ ಹೆಸರು ನಿಂತಿತು. ಒಂದು ಅರ ಮುರಿದರೆ ಬೋಲ್ಟು ಬಿಚ್ಚಿ ಆ ಒಂದನ್ನೇ ಬದಲಿಸಬಹುದೆಂಬುದು ಈ ವಿನ್ಯಾಸದ ಹಿರಿಮೆ.

ಎರಡನೆಯ ಗುರುತು ನೇಮಿ, ಅಂದರೆ ಹೊರಸುತ್ತಿನ ಮರ. ಗಾಡಿಯ ನೇಮಿಯು ಬಾಗಿದ ಹಲವು ತುಂಡುಗಳನ್ನು ಕೊಯ್ದು ಸೇರಿಸಿದ್ದು; ಸಾಮಾನ್ಯವಾಗಿ ಪ್ರತಿ ತುಂಡಿಗೆ ಎರಡು ಅರ. ಕಾರಿನ ನೇಮಿಯು ಹೆಚ್ಚಾಗಿ ಹಬೆಯಲ್ಲಿ ಬಾಗಿಸಿದ ಎರಡೇ ಅರ್ಧಗಳಿಂದಾದದ್ದು. ಗಾಡಿಯ ಗಾಲಿಗೆ ಕಮ್ಮಾರನು ಕಾಸಿ ಏರಿಸಿದ ಚಪ್ಪಟೆ ಕಬ್ಬಿಣದ ಪಟ್ಟೆಯಿದ್ದರೆ, ಕಾರಿನ ಗಾಲಿಗೆ ರಬ್ಬರು ಟೈರು ಹಿಡಿದುಕೊಳ್ಳಲು ಅಂಚು ಮಡಿಚಿದ ಉಕ್ಕಿನ ರಿಮ್ ಇರುತ್ತದೆ. ಗಾಳಿ ತುಂಬುವ ವಾಲ್ವ್ ಹೊರಬರಲು ನೇಮಿಯಲ್ಲೊಂದು ತೂತೂ ಇರುತ್ತದೆ. ಈ ತೂತು ಕಂಡಿತೆಂದರೆ ಅನುಮಾನ ಮುಗಿಯಿತು. ಜಟಕಾದ ಗಾಲಿಗೂ ರಬ್ಬರು ಸುತ್ತಿರುತ್ತಿದ್ದುದುಂಟು. ಆದರೆ ಅದು ಗಟ್ಟಿ ರಬ್ಬರಿನ ಪಟ್ಟಿಯಾದ್ದರಿಂದ ಅದಕ್ಕೆ ಗಾಳಿಯ ತೂತು ಬೇಕಿಲ್ಲ.

ಅಳತೆಯೂ ಮಾತನಾಡುತ್ತದೆ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಮರದ ಗಾಲಿಯಲ್ಲಿ ಹನ್ನೆರಡು ಅರಗಳಿದ್ದು, ಮಧ್ಯದಲ್ಲಿ ಆರು ಬೋಲ್ಟುಗಳಿರುತ್ತಿದ್ದವು. ಬಹುಕಾಲ ಅದರ ಮುಂದಿನ ಟೈರು 30 ಇಂಚು ಎತ್ತರ, 3 ಇಂಚು ಅಗಲ. ಹಿಂದಿನದು 30 ಇಂಚು ಎತ್ತರ, ಮೂರೂವರೆ ಇಂಚು ಅಗಲ. ಆದುದರಿಂದ ಟೈರಿಲ್ಲದ ಮುಂದಿನ ರಿಮ್ 24 ಇಂಚು, ಹಿಂದಿನದು 23 ಇಂಚು ಅಳೆಯುತ್ತದೆ. ಹಿಂದಿನ ಗಾಲಿಗೆ ಬ್ರೇಕಿನ ಡ್ರಮ್ಮು ಅಂಟಿಕೊಂಡಿರುತ್ತದೆ. ರಿಮ್ಮನ್ನು ಗಾಲಿಯಿಂದ ಕಳಚುವಂತಿದ್ದರೆ ಅದು 1919 ಅಥವಾ ಅದರ ನಂತರದ್ದೆಂದು ಊಹಿಸಬಹುದು. ಫೋರ್ಡ್ ಕಾರಿಗೆ ಅಂಥ ರಿಮ್ ಬಂದದ್ದು ಆ ವರ್ಷ. ಡಾಡ್ಜ್ ಮುಂತಾದ ಇತರ ಕಂಪನಿಗಳೂ ಮರದ ಗಾಲಿಗಳನ್ನು ಬಳಸಿದ್ದರಿಂದ, ಹನ್ನೆರಡು ಅರ ಎಣಿಸಿದೊಡನೆ ‘ಇದು ಫೋರ್ಡ್’ ಎಂದು ಘೋಷಿಸುವುದು ಅವಸರವಾದೀತು. ಮಧ್ಯದ ಮುಚ್ಚಳದ ಮೇಲಿನ ಅಕ್ಷರ, ಬೇರಿಂಗಿನ ಬಟ್ಟಲು, ಬೋಲ್ಟುಗಳ ನಡುವಿನ ಅಂತರ ಇವೆಲ್ಲವನ್ನೂ ಬರೆದಿಟ್ಟುಕೊಳ್ಳಬೇಕು.

ಮತ್ತೊಂದು ಎಚ್ಚರಿಕೆಯೂ ಬೇಕು. ಇಂಗ್ಲೆಂಡಿನ ಜೋಸೆಫ್ ಸ್ಯಾಂಕಿ ಕಂಪನಿಯು 1908ರ ಸುಮಾರಿಗೆ ಉಕ್ಕಿನ ತಗಡನ್ನು ಅಚ್ಚೊತ್ತಿ, ಮರದ ಅರಗಳನ್ನೇ ಹೋಲುವ ಗಾಲಿಗಳನ್ನು ತಯಾರಿಸತೊಡಗಿತು. ದಪ್ಪ ಬಣ್ಣ ಬಳಿದ ಮೇಲೆ ಮರಕ್ಕೂ ಅದಕ್ಕೂ ವ್ಯತ್ಯಾಸ ಕಾಣದು. ಒಂದು ಸಣ್ಣ ಅಯಸ್ಕಾಂತವನ್ನು ಅರಕ್ಕೆ ಹಿಡಿದರೆ ಸತ್ಯ ತಿಳಿಯುತ್ತದೆ.

ಮರದ ಜಾತಿ

ಅಮೆರಿಕದಿಂದ ಬಂದ ಕಾರುಗಳ ಅರಗಳು ಪ್ರಾಯಃ ಹಿಕರಿ ಮರದವು. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಬೆಳೆಯುವ, ಅಕ್ರೋಟಿನ ಕುಟುಂಬಕ್ಕೆ ಸೇರಿದ ಈ ಮರ ಗಡಸು ಮಾತ್ರವಲ್ಲ, ಹಠಾತ್ ಹೊಡೆತವನ್ನು ಬಾಗಿ ತಾಳಿಕೊಳ್ಳಬಲ್ಲದು. ಕೊಡಲಿ, ಸುತ್ತಿಗೆಗಳ ಹಿಡಿಗೆ ಅಲ್ಲಿ ಇದನ್ನೇ ಬಳಸುತ್ತಾರೆ. ಆದರೆ ಮಲೆನಾಡಿಗೆ ಬಂದ ಕಾರಿನ ಅರ ಮುರಿದಾಗ ಹಿಕರಿಯನ್ನು ತರುವುದಾದರೂ ಎಲ್ಲಿಂದ? ಊರಿನ ಬಡಗಿ ತನಗೆ ಗೊತ್ತಿದ್ದ ಮರವನ್ನೇ ಕಡೆದು ಹಾಕುವುದು ಸ್ವಾಭಾವಿಕ: ಕರಿಜಾಲಿ, ದಿಂಡಿಗ, ಮತ್ತಿ, ಹೊನ್ನೆ, ಬೀಟೆ, ಸಾಗುವಾನಿ. ಹೀಗಾಗಿ ಒಂದೇ ಗಾಲಿಯಲ್ಲಿ ಹತ್ತು ಅರ ಪರದೇಶದ್ದು, ಎರಡು ನಮ್ಮ ಕಾಡಿನದು ಆಗಿರುವ ಸಾಧ್ಯತೆಯಿದೆ. ಅಂಥ ಗಾಲಿಯನ್ನು ‘ಕಲಬೆರಕೆ’ ಎಂದು ತಳ್ಳಿಹಾಕಬಾರದು. ಆ ಎರಡು ಅರಗಳೇ ಅದು ಇಲ್ಲಿ ಓಡಿದ್ದಕ್ಕೆ, ಇಲ್ಲಿಯ ಕೈಗಳು ಅದನ್ನು ದುರಸ್ತಿ ಮಾಡಿದ್ದಕ್ಕೆ ಸಾಕ್ಷಿ.

ಮರವನ್ನು ಗುರುತಿಸಲು ಬಣ್ಣವನ್ನಾಗಲಿ ತೂಕವನ್ನಾಗಲಿ ನಂಬಬಾರದು. ಅರದ ಕೊನೆಯ ಅಡ್ಡಸೀಳಿನಲ್ಲಿ ಹರಿತವಾದ ಬ್ಲೇಡಿನಿಂದ ಬೆರಳುಗುರಿನಷ್ಟು ಜಾಗವನ್ನು ನಯಗೊಳಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಿಂದ ನೋಡಬೇಕು. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವ ನಾಡಿನ ಮರವಾದ ಹಿಕರಿಯಲ್ಲಿ ವಾರ್ಷಿಕ ಉಂಗುರಗಳು ಸ್ಪಷ್ಟವಾಗಿದ್ದು, ಪ್ರತಿ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳು ಸಾಲುಗಟ್ಟಿರುತ್ತವೆ. ಕರಿಜಾಲಿಯಲ್ಲಿ ರಂಧ್ರಗಳು ಎಲ್ಲೆಡೆ ಚದುರಿರುತ್ತವೆ, ಅವುಗಳ ಸುತ್ತ ತಿಳಿಬಣ್ಣದ ಬಳೆ ಕಾಣುತ್ತದೆ. ಸಾಗುವಾನಿಯಲ್ಲೂ ರಂಧ್ರಗಳು ಉಂಗುರದ ಸಾಲಿನಲ್ಲೇ ಇದ್ದರೂ ಅದರ ಎಣ್ಣೆಯ ಜಿಡ್ಡು ಮತ್ತು ಚರ್ಮದಂಥ ವಾಸನೆ ಗುಟ್ಟು ಬಿಟ್ಟುಕೊಡುತ್ತವೆ. ಹೊನ್ನೆಯ ಚೂರನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿದರೆ ನೀರಿನಲ್ಲಿ ನೀಲಿ ಛಾಯೆ ಮಿನುಗುತ್ತದೆ. ಇಷ್ಟಾದರೂ ಸಂದೇಹ ಉಳಿದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ಜಾತಿ ಪತ್ತೆ ಮಾಡಿಕೊಡುವ ವ್ಯವಸ್ಥೆಯಿದೆ.

ಗಾಲಿಗೂ ಕುಲುಮೆಗೂ ಒಂದೇ ಕಾಡು

ಭದ್ರಾವತಿಯ ಜನರಿಗೆ ಈ ಗಾಲಿಯಲ್ಲಿ ಇನ್ನೊಂದು ಕಥೆಯೂ ಅಡಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುನ್ನೋಟದಿಂದ ಹುಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣಕಲ್ಲು, ಭದ್ರೆಯ ನೀರು ಇವೆಲ್ಲ ಹತ್ತಿರವಿದ್ದವು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಆ ಸ್ಥಾನವನ್ನು ಸುತ್ತಲಿನ ಕಾಡಿನ ಸೌದೆಯಿಂದ ಸುಟ್ಟ ಇದ್ದಿಲು ತುಂಬಿತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲಿನ ಜೊತೆಗೆ ಮೆಥನಾಲ್, ಮರದ ಡಾಂಬರು ಮೊದಲಾದವನ್ನು ಪಡೆಯುವ ಬಟ್ಟಿ ಘಟಕವೂ ಅಲ್ಲಿತ್ತು. ಒಂದು ಟನ್ ಇದ್ದಿಲಿಗೆ ಮೂರು ನಾಲ್ಕು ಟನ್ ಒಣ ಸೌದೆ ಬೇಕೆಂಬ ಸಾಮಾನ್ಯ ಲೆಕ್ಕವನ್ನು ನೆನೆದರೆ ಕಾಡು ತೆತ್ತ ಬೆಲೆ ಅರಿವಾಗುತ್ತದೆ.

ಅದೇ 1920ರ ದಶಕದಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಐರನ್ ಮೌಂಟನ್ ಎಂಬಲ್ಲಿ ಫೋರ್ಡ್ ಕಂಪನಿಯು ಅಂಥದೇ ಬಟ್ಟಿ ಘಟಕವನ್ನು ನಡೆಸಿತು. ಕಾರಿನ ಮರದ ಭಾಗಗಳನ್ನು ಕೊಯ್ದು ಉಳಿದ ಚೂರುಗಳನ್ನು ಅಲ್ಲಿ ಕಾಯಿಸಿ ಮೆಥನಾಲ್ ಮತ್ತು ಇದ್ದಿಲು ತೆಗೆದರು. ಇದ್ದಿಲ ಪುಡಿಯನ್ನು ಬಿಲ್ಲೆಗಳಾಗಿ ಒತ್ತಿ ಮಾರಿದರು. ತಂತ್ರ ಒಂದೇ. ಆದರೆ ಅಲ್ಲಿ ಬಟ್ಟಿಗೆ ಹೋದದ್ದು ಉಳಿಕೆ ಮರ, ಇಲ್ಲಿ ಹೋದದ್ದು ಕಡಿದ ಮರ. ಅಲ್ಲಿಯ ಕಂಪನಿಯನ್ನು ಹೊಗಳಬೇಕಿಲ್ಲ, ಏಕೆಂದರೆ ಒಂದೂವರೆ ಕೋಟಿ ಟಿ ಮಾದರಿಯ ಕಾರುಗಳಿಗೆ ಮರ ಒದಗಿಸಿದ ಕಾಡುಗಳ ಲೆಕ್ಕ ಬೇರೆಯೇ ಇದೆ. ಆದರೂ ಈ ಹೋಲಿಕೆಯಿಂದ ಒಂದು ಮಾತು ದೃಢವಾಗುತ್ತದೆ: ಕಾಡಿನಿಂದ ಒಮ್ಮೆ ಬಂದ ಮರದ ಕೊನೆಯ ಚೂರನ್ನೂ ಲೆಕ್ಕವಿಟ್ಟು ಬಳಸುವುದು ಬಡವರ ಜಿಪುಣತನವಲ್ಲ, ಕಾಡಿಗೆ ಸಲ್ಲಿಸಬೇಕಾದ ಕನಿಷ್ಠ ಋಣ.

ಮರುಬಳಕೆಯ ಮೆಟ್ಟಿಲುಗಳು

ಗಾಲಿ ಕಾರಿನದೆಂದು ಖಚಿತವಾದ ಮೇಲೆ ಮುಂದಿನ ಪ್ರಶ್ನೆ, ಏನು ಮಾಡುವುದು? ಇಲ್ಲಿ ಒಂದು ಕ್ರಮವನ್ನು ಪಾಲಿಸುವುದು ವಿವೇಕ.

ಮೊದಲ ಮೆಟ್ಟಿಲು, ಗಾಲಿ ಕಾರಿಗೇ ಮರಳುವುದು. ಐವತ್ತು ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆ ಪ್ರತ್ಯೇಕ ನೋಂದಣಿ ನೀಡುವ ನಿಯಮವನ್ನು ಕೇಂದ್ರ ಸರ್ಕಾರವು 2021ರಲ್ಲಿ ಜಾರಿಗೆ ತಂದಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಕಡೆ ಹಳೆಯ ಕಾರುಗಳನ್ನು ಜೋಪಾನ ಮಾಡಿದ್ದಾರೆ. ಅಂಥ ವಾಹನಗಳನ್ನು ಸಜ್ಜುಗೊಳಿಸುವವರಿಗೆ ಮೂಲ ರಿಮ್, ತಟ್ಟೆ, ಬೋಲ್ಟು, ಮುಚ್ಚಳಗಳು ಬಹು ದುರ್ಲಭ. ಆದುದರಿಂದ ಲೋಹವನ್ನೂ ಮರವನ್ನೂ ಬೇರ್ಪಡಿಸಿ ಮಾರುವುದು ಎರಡರ ಬೆಲೆಯನ್ನೂ ಕಳೆದಂತೆ. ಆದರೆ ಮರದ ಅರಗಳ ಮೇಲೆ ವಾಹನವನ್ನು ಓಡಿಸುವ ಮುನ್ನ ಬಲ್ಲವರು ಪ್ರತಿಯೊಂದು ಅರವನ್ನೂ ಪರೀಕ್ಷಿಸಲೇಬೇಕು. ಸಡಿಲ ಅರ ಪ್ರಾಣಕ್ಕೆ ಅಪಾಯ.

ಎರಡನೆಯದು, ಗಾಲಿಯನ್ನು ಗಾಲಿಯಾಗಿಯೇ ಇಡುವುದು. ಶಾಲೆಯ ಗೋಡೆಯ ಮೇಲೆ, ಕೈಗಾರಿಕಾ ತರಬೇತಿ ಸಂಸ್ಥೆಯ ಮರಗೆಲಸದ ಕೊಠಡಿಯಲ್ಲಿ, ಯಾವ ಮರ, ಯಾವ ಕಾಲ, ಎಲ್ಲಿ ಸಿಕ್ಕಿತು ಎಂಬ ಮೂರು ಸಾಲಿನ ಫಲಕದೊಡನೆ ಅದನ್ನಿಟ್ಟರೆ ಹತ್ತು ಪಾಠಗಳಿಗೆ ಸಮ.

ಮೂರನೆಯದು, ರಂಧ್ರ ಕೊರೆಯದೆ, ಕತ್ತರಿಸದೆ, ಮುಂದೊಮ್ಮೆ ಹಿಂದಿರುಗಿಸಬಹುದಾದಂತೆ ಬಳಸುವುದು. ಜಗಲಿಯಲ್ಲಿ ಕಾಲುಗಳ ಮೇಲೆ ಮಲಗಿಸಿ ಗಾಜು ಹಾಸಿದರೆ ಮೇಜಾಗುತ್ತದೆ. ಕೃಷಿಕರಿಗೆ ಇನ್ನೂ ಉಪಯುಕ್ತವಾದ ದಾರಿಯೊಂದಿದೆ. ಬೇರಿಂಗು ಸುಸ್ಥಿತಿಯಲ್ಲಿರುವ ಗಾಲಿಯನ್ನು ಗಟ್ಟಿಯಾದ ಗೂಟದ ಮೇಲೆ ಅಡ್ಡವಾಗಿ ಕೂರಿಸಿದರೆ ಅದು ಸರಾಗವಾಗಿ ತಿರುಗುವ ಮೇಜು. ಕಾಳುಮೆಣಸು, ಜಾಯಿಕಾಯಿಗಳ ಕಸಿ ಕಟ್ಟುವವರು ಗಿಡದ ತೊಟ್ಟೆಗಳನ್ನು ಸುತ್ತಲೂ ಜೋಡಿಸಿಕೊಂಡು, ಕುಳಿತ ಜಾಗದಿಂದ ಏಳದೆ ಒಂದೊಂದನ್ನೇ ಎದುರಿಗೆ ತಿರುಗಿಸಿಕೊಳ್ಳಬಹುದು.

ಕೊನೆಯ ಮೆಟ್ಟಿಲು, ಕುಂಬಾದ ಗಾಲಿಯ ಒಳ್ಳೆಯ ಅರಗಳನ್ನು ಬಿಡಿಸಿ ಉಪಕರಣಗಳ ಹಿಡಿಯಾಗಿಸುವುದು. ಕತ್ತಿ, ಉಳಿ, ಸುತ್ತಿಗೆಗೆ ಹಿಕರಿಯ ಹಿಡಿ ತಲೆಮಾರು ಬಾಳುತ್ತದೆ. ಬೆಂಕಿ ಯಾವ ಮೆಟ್ಟಿಲಲ್ಲೂ ಇಲ್ಲ.

ಮಾಡಬಾರದ ಕೆಲಸಗಳು

ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆದ್ದರಿಂದ ಗಾಲಿಯನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜುಕಾಗದದಿಂದ ತಿಕ್ಕಬಾರದು, ಬಣ್ಣವನ್ನು ಬೆಂಕಿಯಿಂದ ಸುಡಬಾರದು, ಬಚ್ಚಲ ಒಲೆಗೆ ಹಾಕಲೇಬಾರದು. ಒದ್ದೆ ಮಾಡಿ, ಮಕ್ಕಳಿಲ್ಲದ ಕಡೆ, ಮೂಗು ಬಾಯಿ ಮುಚ್ಚಿಕೊಂಡು ಕೆರೆಯಬೇಕು. ಕೆರೆದದ್ದನ್ನು ತಿಪ್ಪೆಗೂ ತೋಟಕ್ಕೂ ಚೆಲ್ಲಬಾರದು. ಬಣ್ಣ ಗಟ್ಟಿಯಾಗಿದ್ದರೆ ಹಾಗೆಯೇ ಬಿಡುವುದು ಇನ್ನೂ ಲೇಸು. ಆಹಾರ ಒಣಗಿಸಲು, ಮಕ್ಕಳ ಜೋಕಾಲಿಗೆ ಇಂಥ ಗಾಲಿ ಸಲ್ಲದು.

ಮಲೆನಾಡಿನ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅರಗಳು ಸಡಿಲವಾಗುತ್ತವೆ. ಹೀಗೆ ವರ್ಷವರ್ಷವೂ ಎಳೆದಾಡಿದರೆ ಜೋಡಣೆ ಬಿಚ್ಚಿಕೊಳ್ಳುತ್ತದೆ. ಗಾಲಿಯನ್ನು ಸೂರಿನ ಕೆಳಗೆ, ನೆಲ ತಾಗದಂತೆ ಇಡಬೇಕು. ಅಂಗಳದ ಮಣ್ಣಿನಲ್ಲಿ ಅರ್ಧ ಹೂತ ಗಾಲಿ ಗೆದ್ದಲಿಗೆ ಬಡಿಸಿದ ಊಟ. ಹುಳು ತಡೆಯಲು ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಸಾಕಾಗುತ್ತದೆ, ಆದರೆ ಅದು ಮಳೆಯಲ್ಲಿ ತೊಳೆದುಹೋಗುತ್ತದೆ. ಮೇಲೆ ತೆಳುವಾಗಿ ಅಗಸೆ ಎಣ್ಣೆ ಲೇಪಿಸಿದರೆ ಮರ ಉಸಿರಾಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು, ಬಿಡಿಸಿ ಒಣಗಿಸಬೇಕು.

ಹೊಸದಾಗಿ ಹುಟ್ಟುವ ‘ಹಳೆಯ’ ಗಾಲಿಗಳು

ನಿಜವಾದ ಆತಂಕ ಇರುವುದು ಇಲ್ಲಿ. ಹಳೆಯ ಗಾಲಿಗಳ ಸಂಖ್ಯೆ ಮಿತವಾದದ್ದು, ಬೇಡಿಕೆಗೆ ಮಿತಿಯಿಲ್ಲ. ಈ ಅಂತರವನ್ನು ಹೊಸ ಮರ ತುಂಬುತ್ತದೆ. ಹೊಸದಾಗಿ ಕಡೆದು, ಮಸಿ ಬಳಿದು, ಸರಪಳಿಯಿಂದ ಬಡಿದು ಗಾಯ ಮಾಡಿ ‘ಪುರಾತನ’ವಾಗಿಸಿದ ಗಾಲಿಗೆ ಮತ್ತಿ ಹೊನ್ನೆಗಳ ಮರವೇ ಬೇಕು. ಅದು ಡಿಪೋದ ಹರಾಜಿನಿಂದ ಬಂತೋ, ರಾತ್ರಿ ಸಾಗಿದ ದಿಮ್ಮಿಯಿಂದ ಬಂತೋ ಕೊಳ್ಳುವವನಿಗೆ ತಿಳಿಯದು, ಕೇಳುವ ಗೋಜಿಗೂ ಅವನು ಹೋಗುವುದಿಲ್ಲ. ಮಲೆನಾಡಿನ ತೊಟ್ಟಿಮನೆಗಳ ಕಂಬ ಬೋದಿಗೆಗಳು ಬಿಚ್ಚಿ ಮಾರಾಟವಾಗುತ್ತಿರುವುದೂ ಇದೇ ಅಭಿರುಚಿಯ ಇನ್ನೊಂದು ಮುಖ. ಪರಂಪರೆಯ ಮೇಲಿನ ಪ್ರೀತಿ ಎಂಬ ಹೆಸರಿನಲ್ಲಿ ಪರಂಪರೆಯೂ ಕಾಡೂ ಏಕಕಾಲಕ್ಕೆ ಕರಗುವುದು ವಿಪರ್ಯಾಸವಲ್ಲವೇ?

‘ಒಂದು ಗಾಲಿಯಿಂದ ಯಾವ ಕಾಡು ಉಳಿದೀತು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವೇ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ನಲವತ್ತು ವರ್ಷಗಳಿಗೆ ಗುತ್ತಿಗೆ ಕೊಟ್ಟ ಭೂಮಿಯ ಅವಧಿ 2020ರಲ್ಲಿ ಮುಗಿದಾಗ ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಜಿಲ್ಲೆಯ ಹಳ್ಳಿಹಳ್ಳಿಗಳು ದನಿಯೆತ್ತಿದ್ದನ್ನು ನೆನೆದರೆ ಗಾಲಿಯ ವಿಷಯ ಚಿಕ್ಕದೇ. ಆದರೆ ಸರ್ಕಾರದ ಮುಂದೆ ಸಹಜ ಕಾಡಿಗಾಗಿ ವಾದಿಸುವವರು ತಮ್ಮ ಅಂಗಳದ ಅಲಂಕಾರಕ್ಕೆ ಸಹಜ ಕಾಡಿನ ಮರವನ್ನೇ ಕೊಂಡರೆ ಆ ವಾದಕ್ಕೆ ಬಲ ಎಲ್ಲಿಂದ ಬರಬೇಕು? ಅಲಂಕಾರದ ಗಾಲಿ ಬೇಕೇ ಬೇಕೆನ್ನುವವರಿಗೆ, ಈಗಾಗಲೇ ಬೆಳೆದು ನಿಂತಿರುವ ಅಕೇಶಿಯಾ ಇದೆ. ಅದರ ಕಟ್ಟಿಗೆ ಗಡಸು, ಕಡೆತಕ್ಕೆ ಒಗ್ಗುತ್ತದೆ. ಚೆನ್ನಾಗಿ ಒಣಗಿಸದಿದ್ದರೆ ಸೀಳುತ್ತದೆಂಬ ದೋಷವುಂಟು, ಅದು ತಾಳ್ಮೆಯಿಂದ ತೀರುವ ದೋಷ. ನೆಡುತೋಪಿನ ಮರ ತೆಗೆದು ಸಹಜ ಕಾಡಿಗೆ ಜಾಗ ಬಿಡುವ ದಾರಿಯಲ್ಲಿ ಇದೂ ಒಂದು ಹೆಜ್ಜೆಯಾದೀತು. ಆ ಗಾಲಿಯನ್ನು ಹೊಸದೆಂದೇ ಹೇಳಿ ಮಾರಬೇಕು. ಬಡಗಿಯ ಕೈಗೆ ಕೆಲಸವೂ ಸಿಗುತ್ತದೆ, ಸುಳ್ಳೂ ಇರುವುದಿಲ್ಲ.

ಆಗಬೇಕಾದದ್ದು

ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ ಸ್ತಬ್ಧವಾಗಿ ವರ್ಷಗಳೇ ಸಂದಿವೆ. ಕಬ್ಬಿಣದ ಕಾರ್ಖಾನೆಯು ನೂರು ತುಂಬಿದ 2023ರಲ್ಲೇ ಮುಚ್ಚುವ ನಿರ್ಧಾರಕ್ಕೆ ಗುರಿಯಾಗಿ, ಕಾರ್ಮಿಕರ ಹೋರಾಟದ ಬಳಿಕ ಭಾಗಶಃ ಚೇತರಿಸಿಕೊಂಡಿತು. ಇಂಥ ಊರಿನಲ್ಲಿ ಯಂತ್ರ, ಗಾಲಿ, ಅಚ್ಚು, ಹತಾರಗಳು ಗುಜರಿಗೆ ಹೋಗುವುದು ತಡೆಯಲಾಗದ ಪ್ರವಾಹದಂತೆ ತೋರುತ್ತದೆ. ಆದರೆ ಗುಜರಿ ಅಂಗಡಿಯೇ ಮೊದಲ ಕಾವಲುಗಾರನಾಗಬಹುದು. ಮರವೂ ಕಬ್ಬಿಣವೂ ಸೇರಿದ ಹಳೆಯ ವಸ್ತು ಬಂದಾಗ ಅದನ್ನು ಒಡೆಯುವ ಮುನ್ನ ಒಂದು ವಾರ ಕಾದು, ಛಾಯಾಚಿತ್ರ ತೆಗೆದು ತಿಳಿದವರಿಗೆ ತೋರಿಸುವ ರೂಢಿ ಬೆಳೆದರೆ ಸಾಕು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯವು ಶಿಲ್ಪ ಶಾಸನಗಳ ಜೊತೆಗೆ ಇಂಥ ದುಡಿಮೆಯ ವಸ್ತುಗಳಿಗೂ ಒಂದು ಮೂಲೆ ಕೊಡಬೇಕು. ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳು ಮನಸ್ಸು ಮಾಡಿದರೆ, ಕಳೆದುಹೋದ ತಟ್ಟೆ ಬೋಲ್ಟುಗಳನ್ನು ಮಾಡಿಕೊಡುವುದು ಅವಕ್ಕೆ ದೊಡ್ಡ ಕೆಲಸವಲ್ಲ.

ಕಾಯ್ದೆಯ ಬೆಂಬಲವೂ ಇದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯು ಕನಿಷ್ಠ ನೂರು ವರ್ಷ ಹಳೆಯದಾದ, ಚಾರಿತ್ರಿಕ ಮಹತ್ವದ ವಸ್ತುವನ್ನು ಪ್ರಾಚ್ಯವಸ್ತುವೆಂದು ಪರಿಗಣಿಸುತ್ತದೆ. ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. 1920ರ ದಶಕದ ಗಾಲಿಗಳು ಆ ನೂರರ ಗಡಿಯನ್ನು ಒಂದೊಂದಾಗಿ ದಾಟುತ್ತಿರುವ ಕಾಲವಿದು. ಒಂದು ಅಯಸ್ಕಾಂತ, ಒಂದು ಅಳತೆಪಟ್ಟಿ, ಒಂದು ಮಸೂರ: ಗುರುತಿಸಲು ಬೇಕಾದದ್ದು ಇಷ್ಟೇ. ಇಷ್ಟನ್ನು ಜೇಬಿನಲ್ಲಿಟ್ಟುಕೊಂಡು ಗುಜರಿ ಅಂಗಡಿಯ ಬಾಗಿಲಿಗೆ ಹೋಗುವವರು ಪ್ರತಿ ಊರಿನಲ್ಲೂ ಒಬ್ಬರಿದ್ದರೆ, ಕಾಡು ಎಂದೋ ಕೊಟ್ಟ ಮರ ಇನ್ನೊಂದು ನೂರು ವರ್ಷ ಬಾಳುತ್ತದೆ. ಅಷ್ಟರಮಟ್ಟಿಗೆ ಇನ್ನೊಂದು ಮರ ನಿಂತಲ್ಲೇ ನಿಲ್ಲುತ್ತದೆ.